ಒಂದು ಡಬ್ಬಿ ಕಪ್ಪು ಪುಡಿ

ಏಳು ಸಮುದ್ರದಾಚೆಯಲ್ಲ, ವಿದುರಾಶ್ವತ್ಥದ ಪಕ್ಕದ ಊರಲ್ಲೇ ಒಬ್ಬ ರಾಜನಿದ್ದ. ಅವನ ಕೋಟಿ ಕೋಟಿ ಸೈನಿಕರೆಲ್ಲ ಒಂದೇ ಪೊಟ್ಟಣದಲ್ಲಿ ಹಿಡಿಸುತ್ತಿದ್ದರು. ರಾಜನ ಹೆಸರು ಜಗನ್. ಕುಡುಮಲಕುಂಟೆಯ ಕಾರ್ಖಾನೆಗೆ ಒಂದು ದಿನ ರಜೆ ಹಾಕಿ, ಹೊತ್ತು ಮುಳುಗುವುದರೊಳಗೆ ರಾಗಿ ಬಿತ್ತುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟಿದ್ದ.

ಸೈನಿಕರೆಂದರೆ ಕಪ್ಪು ಪುಡಿಯಲ್ಲಿ ಬೆರೆಸಿಟ್ಟ ಅಜೋಸ್ಪಿರಿಲಂ ಎಂಬ ಸೂಕ್ಷ್ಮಾಣುಗಳು. “ಗಾಳೀಲಿರೋ ಸಾರಜನಕ ಹಿಡಿದು ಬೇರಿಗೆ ಉಣಿಸ್ತವೆ ಕಣಣ್ಣ” ಎಂದು ಪಕ್ಕದ ಹೊಲದ ಕೋನಪ್ಪನೊಡನೆ ಪಂದ್ಯವನ್ನೂ ಕಟ್ಟಿದ್ದ. ಕೋನಪ್ಪನಿಗಿಂತ ಹೆಚ್ಚು ಬೆಳೆಯದಿದ್ದರೆ ಮುಂದಿನ ವರ್ಷ ಜಗನ್‌ನ ಹೊಲ ಕೋನಪ್ಪನಿಗೇ ವಾರಕ್ಕೆ, ಬೆಳೆಯ ಪಾಲಿನ ಮೇಲೆ.

ಬೆಳಿಗ್ಗೆ ಫ್ರಿಜ್ ತೆರೆದರೆ ಪೊಟ್ಟಣವಿಲ್ಲ.

“ಜೀವ ಇರೋದನ್ನ ಹಾಲಿನ ಪಕ್ಕ ಇಡ್ತಾರೇನೋ? ಕವರೂ ಹರಿದಿತ್ತು, ಡಬ್ಬಿಗೆ ಸುರಿದಿಟ್ಟಿದೀನಿ” ಎನ್ನುತ್ತ ಅಮ್ಮ ಲಕ್ಷ್ಮೀನರಸಮ್ಮ ಬಚ್ಚಲಿನ ಗೂಡಿನ ಡಬ್ಬಿಗಳಲ್ಲಿ ಒಂದನ್ನು ತಂದುಕೊಟ್ಟರು.

ಜಗನ್ ಆರಿದ ಬೆಲ್ಲದ ನೀರಿಗೆ ಕಪ್ಪು ಪುಡಿ ಕಲಸಿ, ರಾಗಿಗೆ ಸವರಿ, ಬೇವಿನ ನೆರಳಲ್ಲಿ ಗೋಣಿಚೀಲದ ಮೇಲೆ ಹರಡಿದ. ಬೆಲ್ಲಕ್ಕೆ ಇರುವೆ ಬಂದವು, ರಾಗಿಗೆ ಕೋಳಿ ಬಂದವು, ಇವೆರಡನ್ನೂ ನೋಡಲು ಊರು ಬಂತು. ಎದುರುಮನೆ ಗಂಗುಲಮ್ಮ ಕನಿಕರದಿಂದ ಚೀಲವನ್ನು ಬಿಸಿಲಿಗೆ ಎಳೆದರು.

“ಅಯ್ಯೋ ಅತ್ತೆ, ಬಿಸಿಲಿಗೆ ಸಾಯ್ತವೆ!”

“ಯಾರಪ್ಪಾ?”

ಜಗನ್ ಓಡಿಬಂದು, ಉತ್ಸವಮೂರ್ತಿಗೆ ಹಿಡಿದ ಹಾಗೆ ರಾಗಿಗೆ ಕೊಡೆ ಹಿಡಿದು ನಿಂತ.

“ನಮ್ಮ ಅಳಿಯ ಬಂದಾಗ್ಲೂ ಇಷ್ಟು ಮರ್ಯಾದೆ ನಡೀಲಿಲ್ಲ” ಎಂದ ಕೋನಪ್ಪ.

“ನಗಣ್ಣ, ನಗು. ಪೈರು ಬರ್ಲಿ, ಆಮೇಲೆ ಮಾತಾಡಣ.”

ಸಂಜೆಯ ಹೊತ್ತಿಗೆ ಕೊನೆಯ ಸಾಲೂ ಮುಚ್ಚಿತು. ಜಗನ್ ಸೊಂಟ ಹಿಡಿದುಕೊಂಡು ಬದುವಿನ ಮೇಲೆ ಕುಸಿದ. ಆಗ ಅಪ್ಪ ಆವಲಪ್ಪ ಕಾಫಿ ತಂದರು. ನಕ್ಕರೆ ಒಸಡೆಲ್ಲ ಕಪ್ಪು.

“ಬೆಳಿಗ್ಗೆಯಿಂದ ಕೇಳ್ಬೇಕು ಅಂತಿದ್ದೆ ಕಣೋ. ನಿಮ್ಮಮ್ಮ ಈ ಸಲ ಹೊಟ್ಟು ಸುಟ್ಟು ಅದೇನು ಹಲ್ಲುಪುಡಿ ಮಾಡಿದಾಳೋ! ಉಪ್ಪಿಲ್ಲ, ಲವಂಗ ಇಲ್ಲ. ಎಷ್ಟು ಉಜ್ಜಿದ್ರೂ ಬರೀ ಮಣ್ಣಿನ ವಾಸ್ನೆ.”

ಜಗನ್ ತನ್ನ ಕಪ್ಪು ಬೆರಳನ್ನು ಮೆಲ್ಲಗೆ ನೆಕ್ಕಿದ. ಉಪ್ಪು. ಆಮೇಲೆ ಲವಂಗ.

ಪಕ್ಕದ ಹೊಲದಿಂದ ಬಂದ ಕೋನಪ್ಪ ಆವಲಪ್ಪನವರ ಬಾಯೊಳಗೆ ಬಗ್ಗಿ ನೋಡಿದ.

“ಯಜಮಾನ್ರೇ, ಬಾಯಿ ಮುಚ್ಕೊಳಿ. ಅಲ್ಲಾದ್ರೂ ಫಸಲು ಬರ್ಲಿ.”

ಹೊತ್ತು ಇನ್ನೂ ಮುಳುಗಿರಲಿಲ್ಲ. ಬಿತ್ತನೆ ಮುಗಿದಿತ್ತು.