ಕೆಂದ್ಯಾನ ಡರಿಕಿ

ಭೂಮಿ ಬಿಸಿಯಾಗುತ್ತಿರುವುದಕ್ಕೆ ಯಾರು ಹೊಣೆ ಎಂದು ದೊಡ್ಡ ದೊಡ್ಡ ದೇಶದವರು ಸಭೆ ಸೇರಿ, ಊಟ ಮಾಡಿ, ಏನೂ ತೀರ್ಮಾನವಾಗದೆ ಎದ್ದು ಹೋಗುತ್ತಾರಂತೆ. ನನ್ನನ್ನು ಒಂದು ಮಾತು ಕೇಳಿದ್ದರೆ ಇಷ್ಟು ತಾಪತ್ರಯವೇ ಇರಲಿಲ್ಲ. ಹೊಣೆಗಾರರು ನಮ್ಮ ಸೋದರಮಾವ! ವಿಳಾಸ: ಮುಶಿಗೇರಿ. ಊರಬಾಗಿಲಿನ ಅಗಸಿ ದಾಟಿ ಒಳಗೆ ಬಂದು, ಜೋರು ದನಿ ಕೇಳಿದ ಕಡೆ ತಿರುಗಬೇಕು.

ಮಾವನ ಹೆಸರು ಹೇಳಲಾರೆ. ಹೇಳಿದರೆ ಅವರು ನನ್ನ ಮೇಲೆ ದಾವೆ ಹೂಡುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡುತ್ತಾರೆ. ರೋಣದ ನಮ್ಮ ಮನೆಗೆ ಬಂದು ನನ್ನ ಎದುರಿಗೆ ಕೂತು ವಾದಿಸುತ್ತಾರೆ. ಅವರ ಎತ್ತಿನ ಹೆಸರು ಹೇಳಲು ಅಡ್ಡಿಯಿಲ್ಲ, ಅದು ಓದುವುದಿಲ್ಲ. ಎತ್ತಿನ ಹೆಸರು ಕೆಂದ್ಯಾ.

ನಾನು ಕಾಲೇಜಿನ ಚರ್ಚಾಸ್ಪರ್ಧೆಯ ಹುಲಿ. ತನ್ನ ಬಗ್ಗೆ ತಾನೇ ಹೇಳಿಕೊಳ್ಳಬಾರದು ಅನ್ನುತ್ತಾರೆ, ಆದರೆ ಬೇರೆಯವರು ಸರಿಯಾಗಿ ಹೇಳುವುದಿಲ್ಲವಲ್ಲ! ‘ಪರ’ ಕೊಟ್ಟರೆ ಪರ, ‘ವಿರೋಧ’ ಕೊಟ್ಟರೆ ವಿರೋಧ. ಗೆದ್ದ ಢಾಲುಗಳಿಗೆ ಮನೆಯಲ್ಲಿ ಜಾಗ ಸಾಲದೆ ಅವ್ವ ಒಂದರಿಂದ ಹಿಟ್ಟಿನ ಡಬ್ಬಿ ಮುಚ್ಚುತ್ತಾಳೆ. ದೆವ್ವ, ಜಾತಕ, ನಾಳೆ ಮಳೆ ಎಂಬ ಸುದ್ದಿ, ಯಾವುದನ್ನೂ ಪುರಾವೆ ಇಲ್ಲದೆ ನಂಬುವ ಆಸಾಮಿ ನಾನಲ್ಲ. ಇಂಥ ನನ್ನನ್ನು ಮಕಾಡೆ ಮಲಗಿಸಿದವರು ಮಾವ ಒಬ್ಬರೇ. ಏಕೆಂದರೆ ನಾವೆಲ್ಲ ವಾದಿಸುವುದು ವಿಷಯದ ಮೇಲೆ, ಅವರು ವಾದಿಸುವುದು ಪದದ ಮೇಲೆ. ಒಂದು ಪದ ಕೈಗೆ ಸಿಕ್ಕರೆ ಸಾಕು, ಅದರ ಸಿಪ್ಪೆ ಸುಲಿದು ಬೀಜ ತೆಗೆಯುವ ತನಕ ಬಿಡುವವರಲ್ಲ.

ಊರ ಮುಂದಿನ ರಸ್ತೆಯಲ್ಲಿ ಒಂದು ಫಲಕವಿತ್ತು: ‘ಕೋರಿಕೆಯ ನಿಲುಗಡೆ’. ಮಾವ ಅದರ ಕೆಳಗೆ ನಿಂತು ಕೈ ಮಾಡಿದರು. ಬಸ್ಸು ನಿಲ್ಲಲಿಲ್ಲ. ಮರುದಿನ ಎರಡೂ ಕೈ ಮಾಡಿದರು. ಆಗಲೂ ನಿಲ್ಲಲಿಲ್ಲ. ಮೂರನೆಯ ದಿನ ಬಿಳಿ ಹಾಳೆಯಲ್ಲಿ ‘ಮಾನ್ಯ ಬಸ್ಸಿನವರಲ್ಲಿ ಕೋರಿಕೆ’ ಎಂದು ಅರ್ಜಿ ಬರೆದು, ಕೆಳಗೆ ಹೆಬ್ಬೆಟ್ಟನ್ನೂ ಸಹಿಯನ್ನೂ ಎರಡನ್ನೂ ಹಾಕಿ, ಅದನ್ನು ಕೋಲಿಗೆ ಸಿಕ್ಕಿಸಿ ರಸ್ತೆಯ ನಡುವೆ ಹಿಡಿದು ನಿಂತರು. ಬಸ್ಸು ಗಾಬರಿಯಿಂದ ನಿಂತಿತು!

“ಏನ್ರೀ ಯಜಮಾನ್ರ, ಜೀವದ ಮ್ಯಾಲ ಆಸೆ ಇಲ್ಲೇನ್ರಿ?” ಅಂದ ಡ್ರೈವರು.

“ಆಸೆ ಐತಿ ಅಂತನ ಅರ್ಜಿ ಕೊಡಾಕ ಹತ್ತೀನಿ. ಒಂದ ಪ್ರತಿ ನಿಮಗ, ಒಂದ ನನಗ. ಸೈನ್ ಮಾಡ್ರಿ.”

ಹೀಗಿರುವಾಗ ಒಂದು ಸಂಜೆ ರೇಡಿಯೋದಲ್ಲಿ ರೈತರ ಕಾರ್ಯಕ್ರಮ ಕೇಳುತ್ತಿದ್ದ ಮಾವ, ರಜೆಗೆ ಬಂದಿದ್ದ ನನ್ನನ್ನು ಕರೆದರು.

“ಅಳ್ಯಾ, ಈ ಹಸಿರಮನಿ ಅನಿಲ ಅನ್ನಾಂವ ಯಾರೋ?”

“ಯಾಕ್ರಿ ಮಾಮಾ?”

“ಮಳಿ ಹಿಂದಮುಂದ ಆಗಾಕ ಹಸಿರಮನಿ ಅನಿಲನ ಕಾರಣ ಅಂತ. ಈಗಷ್ಟ ಹೇಳಿದ್ರು. ಹೊಸಮನ್ಯಾರು ಗೊತ್ತು, ದೊಡ್ಡಮನ್ಯಾರು ಗೊತ್ತು. ಈ ಹಸಿರಮನ್ಯಾರು ಯಾವ ಊರವರು? ಮಳಿನ ಕೆಡಸುವಷ್ಟು ದೊಡ್ಡ ಮನಿತನ ನಮಗ ಗೊತ್ತಿಲ್ಲದ ಇರತೈತೇನ?”

ನನಗೆ ನಗು ಬಂತು. ನಗುವ ಬದಲು ಉತ್ತರ ಹೇಳಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಮಾವ ಎದ್ದು ಹೋಗಿದ್ದರು. ಮುಂದಿನ ವಾರ ಹೋದ ವರ್ಷದ ಹತ್ತಿ ಮಾರಲು ನರಗುಂದಕ್ಕೆ ಹೋದವರು ಅಲ್ಲಿ ಕಂಡಕಂಡವರನ್ನೆಲ್ಲ ವಿಚಾರಿಸಿದ್ದಾರೆ. ಯಾರೋ ಪುಣ್ಯಾತ್ಮ ನಿಜವಾಗಿಯೂ ಒಬ್ಬ ಅನಿಲನ ಮನೆ ತೋರಿಸಿದ್ದಾನೆ. ಆ ಮನೆಗೆ ಹಸಿರು ಸುಣ್ಣ ಬೇರೆ ಹೊಡೆದಿದ್ದರಂತೆ! ಸಾಕಲ್ಲ? ಪಾಪ, ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಆ ಹುಡುಗನಿಗೆ ಮಾವ ಮಳೆಯ ವಿಷಯದಲ್ಲಿ ಒಂದು ತಾಸು ಬುದ್ಧಿ ಹೇಳಿ, ಅವನದೇ ಚಹಾ ಕುಡಿದು ಬಂದರು.

“ಹುಡುಗ ಭಾಳ ಚಲೋ ಅದಾನ,” ಎಂದು ವರದಿ ಒಪ್ಪಿಸಿದರು. “ಮಳಿ ಸುದ್ದಿಗೆ ತಾ ಹೋಗೇ ಇಲ್ಲಂತ. ರೇಡಿಯೋದವರ ತಪ್ಪ ತಿಳಕೊಂಡಾರ.”

ಇನ್ನು ಸುಮ್ಮನಿದ್ದರೆ ರೇಡಿಯೋದವರ ಮೇಲೂ ಅರ್ಜಿ ಹೋಗುತ್ತದೆಂದು ನಾನು ಕೂರಿಸಿಕೊಂಡು ತಿಳಿಸಿ ಹೇಳಿದೆ.

“ಮಾಮಾ, ಅನಿಲ ಅಂದ್ರ ಮನಷ್ಯಾ ಅಲ್ರಿ, ಗಾಳಿ. ಭೂಮಿಗೆ ಕಂಬಳಿ ಹೊಚ್ಚಿದಂಗ ಆಗಿ ಬಿಸಿ ಹೊರಗ ಹೋಗವಲ್ದು. ಯಾಕಂದ್ರ ಇಂಗಾಲ ಹೆಚ್ಚಾಗೇತಿ.”

“ಹಿಂಗಾಲ ಹ್ಯಾಂಗ ಹೆಚ್ಚಾಗತಾವೋ? ಎಲ್ಲಾ ದನಕ್ಕೂ ಎರಡ ಅದಾವಲ್ಲ!”

“ಹಿಂಗಾಲ ಅಲ್ರಿ, ಇಂಗಾಲ!”

“ನೀ ‘ಹ’ ನುಂಗಿದ್ರ ಕಾಲ ಕಡಿಮಿ ಆಗತಾವೇನ?”

ಅಡಿಗೆಮನೆಯಿಂದ ಅತ್ತೆ ನಗುವುದು ಕೇಳಿಸಿತು. ಆದರೆ ಆ ನಗುವಿನಲ್ಲಿ ಒಂದು ಉಪಾಯವೂ ಇತ್ತೆಂದು ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು. ಮಾವ ಹೊರಗೆ ಹೋದದ್ದೇ ತಡ, ಅತ್ತೆ ನನ್ನ ಮುಂದೆ ಚುರುಮುರಿ ತಂದಿಟ್ಟರು. ಕೇಳದೆ ಚುರುಮುರಿ ಬಂದರೆ ಏನೋ ಇದೆ ಎಂದೇ ಅರ್ಥ.

“ತಮ್ಮಾ, ಅಷ್ಟ ಢಾಲ ಗೆದ್ದೀ. ನಿಮ್ಮ ಮಾಮಾಗ ಒಂದ ಮಾತ ಒಪ್ಪಸು ನೋಡೋಣು. ಆ ಕೆಂದ್ಯಾನ ಮಾರಸು. ಅದರ ಜೋಡಿ ಎತ್ತ ಸತ್ತ ಮೂರ ವರ್ಷ ಆತು. ಹೊಲ ಎಲ್ಲಾ ಬಾಡಿಗಿ ಟ್ರ್ಯಾಕ್ಟರ್ ಹೊಡಿತೈತಿ. ಇದು ನಿಂತ ತಿಂತೈತಿ. ಮೇವ ಹೊತ್ತ ಹೊತ್ತ ನನ್ನ ನಡಾ ಹೋತು.”

ಈ ಮಾತು ಎತ್ತಿದರೆ ಮಾವನಿಗೆ ಮೂರು ದಿನ ಊಟ ಸೇರುತ್ತಿರಲಿಲ್ಲವಂತೆ. ಅವರು ಮೊದಲ ಸಲ ಸ್ವಂತ ಬೇಸಾಯ ಹೂಡಿದಾಗ ನೊಗಕ್ಕೆ ಕಟ್ಟಿದ್ದು ಕೆಂದ್ಯಾನನ್ನೇ. ಆದರೆ ನನಗೆ ಅದೆಲ್ಲ ಭಾವುಕತೆ! ನನ್ನ ಬಳಿ ವಿಜ್ಞಾನವಿತ್ತು.

ಶನಿವಾರ ಸಂಜೆ ಅಂಗಳದಲ್ಲಿ ಚರ್ಚೆ ನಡೆಯಿತು. ಕೆಂದ್ಯಾ ಅಲ್ಲೇ ಗೂಟದಲ್ಲಿ ನಿಂತಿದ್ದ. ಅತ್ತೆ ತೀರ್ಪುಗಾರರು. ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. ನಮ್ಮಂಥ ಮುಂದುವರಿಯುತ್ತಿರುವ ದೇಶಗಳಲ್ಲಿ ಕಾಡು ಕಡಿದು ಹೊಲ ಮಾಡಿದ್ದು, ನೀರು ನಿಲ್ಲಿಸಿ ಭತ್ತ ಬೆಳೆದದ್ದು, ದನಕರು ಸಾಕಿದ್ದು, ಎಲ್ಲದರಿಂದಲೂ ಗಾಳಿ ಕೆಡುತ್ತದೆ. ದನದ ಹೊಟ್ಟೆಯಲ್ಲಿ ಮೇವು ಹುಳಿತು ಮಿಥೇನ್ ಎಂಬ ಅನಿಲ ಹುಟ್ಟುತ್ತದೆ. ಅದು ಹೆಚ್ಚಾಗಿ ಹೊರಗೆ ಬರುವುದು, ಎಲ್ಲರೂ ತಿಳಿದ ದಾರಿಯಿಂದಲ್ಲ, ಬಾಯಿಂದ. ಅಂದರೆ ತೇಗು. ನಮ್ಮ ಕಡೆಯ ಮಾತಿನಲ್ಲಿ ಡರಿಕಿ.

ಮಾವ ಕೆಂದ್ಯಾನ ಮುಖ ನೋಡಿದರು. ಮನೆಯ ಮಗನ ಮೇಲೆ ಕಳ್ಳತನದ ಆರೋಪ ಬಂದಾಗ ನೋಡುತ್ತಾರಲ್ಲ, ಹಾಗೆ.

“ಅಲ್ಲೋ ಅಳ್ಯಾ, ನಮ್ಮದು ಮುಂದುವರಿಯಾಕ ಹತ್ತಿದ ದೇಶ ಅಂದ್ಯಲ್ಲ. ಅಂದ್ರ ಮುಂದುವರಿದವರು ಬ್ಯಾರೆ ಅದಾರ. ಅವರ ಬಂಡಿ ಮುಂದ ಹೋಗೇತಿ. ಹೋಗೂವಾಗ ದಾರಿ ತುಂಬ ಧೂಳ ಎಬ್ಬಿಸ್ಯಾರ. ಈಗ ಹಿಂದಿನ ಬಂಡ್ಯಾಂವಗ ತಿರುಗಿ ನಿಂತು, ಮೆಲ್ಲಕ ಬಾರೋ, ಧೂಳ ಆಗತೈತಿ ಅಂತಾರೇನ? ಕಾರ್ ಇಟ್ಟಾಂವ ಹೊಗಿ ಬಿಡಬಹುದು, ನನ್ನ ಎತ್ತ ಉಂಡ ಮ್ಯಾಲ ಒಂದ ಡರಿಕಿ ಹೊಡೀಬಾರದು! ಇದ್ಯಾವ ಊರ ನ್ಯಾಯ?”

ಸತ್ಯ ಹೇಳಬೇಕೆಂದರೆ ಯಾವ ಸ್ಪರ್ಧೆಯಲ್ಲೂ ನನ್ನ ಎದುರಾಳಿಗಳು ಇಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ಅತ್ತೆ ಕೂಡ ತಲೆಯಾಡಿಸಿಬಿಟ್ಟರು! ನನಗೆ ರೇಗಿತು.

“ಅವರದು ತಪ್ಪಾದ್ರ ನಮ್ಮದು ಸರಿ ಆಗತೈತೇನ್ರಿ?”

“ಮತ್ತ ಟ್ರ್ಯಾಕ್ಟರ್ ಡರಿಕಿ ಹೊಡ್ಯೂದಿಲ್ಲೇನ? ಅದೂ ಕರೇದ!”

“ಟ್ರ್ಯಾಕ್ಟರ್ ದುಡಿಯೂವಾಗ ಅಷ್ಟ ಹೊಗಿ ಬಿಡತೈತಿ ಮಾಮಾ. ಕೆಂದ್ಯಾ ನಿಂತ ನಿಂತಲ್ಲೇ ಬಿಡ್ತಾನ. ಇವನದು ಕೆಲಸ ಇಲ್ಲದ ಡರಿಕಿ!”

ಮಾವನ ದನಿ ಇಳಿಯಿತು. ಇಷ್ಟು ವರ್ಷದಲ್ಲಿ ಮೊದಲ ಸಲ! ನನ್ನ ಎದೆ ಉಬ್ಬಿತು. ಕೆಂದ್ಯಾನ ಕೊರಳು ಸವರುತ್ತ ಅವರೆಂದರು:

“ಕೆಂದ್ಯಾ ಡರಿಕಿ ಹೊಡ್ಯೂದ ಇಲ್ಲ. ನಾ ಒಮ್ಮೆನೂ ಕೇಳಿಲ್ಲ.”

“ಪುರಾವೆ?”

“ನಾಳಿ ಆಯ್ತವಾರ. ಮುಂಜಾನಿಂದ ಸಂಜಿತನ ಕುಂತ ಎಣಸೋಣು. ನೂರ ದಾಟಿದ್ರ ಗಜೇಂದ್ರಗಡದ ಸಂತಿಗಿ ಹೊಡಕೊಂಡ ಹೋಗು. ದಾಟಲಿಲ್ಲಂದ್ರ ಇವನ ಸುದ್ದಿ ಈ ಮನ್ಯಾಗ ಯಾರೂ ಎತ್ತಂಗಿಲ್ಲ.”

ಮೇವು ಮೆಲ್ಲುವ ದನ ನಿಮಿಷಕ್ಕೊಮ್ಮೆ ತೇಗುತ್ತದೆಂದು ನಾನು ಓದಿದ್ದೆ. ನೂರು ದಾಟಲು ಸಂಜೆಯವರೆಗೆ ಯಾಕೆ, ಮಧ್ಯಾಹ್ನದ ಊಟದವರೆಗೂ ಬೇಕಿರಲಿಲ್ಲ. ಗೊತ್ತಿತ್ತು. ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಮಾವ ಕೆಂದ್ಯಾನ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ ನಿಲ್ಲಿಸಿದ್ದರು. “ಪರೀಕ್ಷಾ ಐತಿ, ಹಸದ ಹೊಟ್ಟೀಲೆ ಕೂಡಸಬಾರದು,” ಎಂದು ನಸುಕಿನಲ್ಲೇ ಹೊಲಕ್ಕೆ ಹೋಗಿ, ಇಬ್ಬನಿ ಆರದ ಹಸಿ ಹೆಸರುಬಳ್ಳಿಯನ್ನು ಒಂದು ಹೊರೆ ಕಿತ್ತು ತಂದು ತಿನ್ನಿಸಿದ್ದರು. ಶ್ರಾವಣದ ಎಳೆಬಿಸಿಲಿನಲ್ಲಿ ಮೂವರೂ ಎತ್ತಿನ ಮೂತಿಯ ಸುತ್ತ ಕೂತೆವು. ಒಂದು ತೇಗಿಗೆ ಒಂದು ಹುಣಸೆಬೀಜ ಬಟ್ಟಲಿಗೆ ಹಾಕುವುದು ಅತ್ತೆಯ ಕೆಲಸ.

ದನದ ತೇಗೆಂದರೆ ಮದುವೆಯೂಟದ ತೇಗಿನ ಹಾಗೆ ಪ್ರಕಟಣೆ ಹೊರಡಿಸುವುದಿಲ್ಲ. ಮೂಗು ಹತ್ತಿರವಿಟ್ಟರೆ ಮಾತ್ರ ತಿಳಿಯುತ್ತದೆ. ನಾನು ಇಟ್ಟೆ.

“ಬಂತು!”

“ಅದು ಉಸಿರ!”

“ವಾಸನಿ ನೋಡ್ರಿ ಮಾಮಾ!”

“ನಿನ್ನ ಬಾಯಾಗೂ ಉಳ್ಳಾಗಡ್ಡಿ ವಾಸನಿ ಬರತೈತಿ. ನಿನ್ನೂ ಸಂತಿಗಿ ಹೊಡೀಲೇನ?”

“ಜಗಳ ಬ್ಯಾಡ, ಅರ್ಧಾ ಹಿಡೀರಿ,” ಎಂದು ಅತ್ತೆ ತೀರ್ಪು ಕೊಟ್ಟು, ಒಂದು ಬೀಜವನ್ನು ಕಲ್ಲಿನಿಂದ ಜಜ್ಜಿ ಎರಡು ಹೋಳು ಮಾಡಿದರು!

ಅರವತ್ತೆರಡೂವರೆಗೆ ಬಂದು ನಿಂತಿತು. ಆಮೇಲೆ ಐದು ನಿಮಿಷ ಇಲ್ಲ. ಹತ್ತು ನಿಮಿಷ ಇಲ್ಲ. ನಾನು ಮೂಗು ಇನ್ನಷ್ಟು ಹತ್ತಿರ ಒಯ್ದೆ. ಇಲ್ಲ! ಮಾವ ಟವೆಲ್ಲು ಬೀಸಿ ಕುಣಿಯುವುದೊಂದು ಬಾಕಿ.

“ನೋಡ! ನೋಡ ನನ್ನ ಮಗನ್ನ! ಮುಗೀತಂದ್ರ ಮುಗೀತು. ಕೆಲಸ ಇಲ್ಲದ ಡರಿಕಿ ಅಂದ್ಯಲ್ಲ, ಎಲ್ಲಿ ಐತಿ ತೋರಸು!”

“ನೀವು ಏನೋ ಕಲಿಸೀರಿ ಇದಕ್ಕ.”

“ಕಲಿಸಾಕ ಇಂವ ಏನ ನಿನ್ನಂಗ ಕಾಲೇಜಿಗೆ...”

ಮಾತು ಅಲ್ಲೇ ನಿಂತಿತು. ಮಾವ ಕೆಂದ್ಯಾನ ದವಡೆ ನೋಡುತ್ತಿದ್ದರು. ಅದು ಅಲ್ಲಾಡುತ್ತಿರಲಿಲ್ಲ.

“ಮೆಲಕ ಹಾಕವಲ್ಲ ಇಂವ,” ಎಂದರು.

ಎದ್ದು ಎಡಮಗ್ಗುಲಿಗೆ ಹೋಗಿ ಬೆರಳಿನಿಂದ ಬಡಿದರು. ಡೊಳ್ಳಿನ ಹಾಗೆ ಸದ್ದು ಬಂತು. ನಾವು ಮೂವರೂ ಮೂತಿಯನ್ನೇ ನೋಡುತ್ತ ಕೂತಿದ್ದೆವು, ಹೊಟ್ಟೆಯನ್ನು ಯಾರೂ ನೋಡಿರಲಿಲ್ಲ. ಹಸಿ ಹೆಸರುಬಳ್ಳಿ ಒಳಗೆ ನೊರೆಯಾಗಿ, ಹೊರಗೆ ಬರಬೇಕಾದ ಗಾಳಿಯೆಲ್ಲ ಒಳಗೇ ಸಿಕ್ಕಿಬಿದ್ದಿತ್ತು. ಕೆಂದ್ಯಾ ನಾಲಗೆ ಚಾಚಿ ಏದುತ್ತಿದ್ದ. ಹೊಟ್ಟೆಯುಬ್ಬರ! ತಡವಾದರೆ ಉಸಿರು ಕಟ್ಟಿ ಎತ್ತು ಬೀಳುತ್ತದೆ. ಅಂತೂ ನನ್ನ ವಾದ ಬಯಸಿದ್ದು ಕಣ್ಣೆದುರಿಗೇ ನಿಂತಿತ್ತು: ತೇಗು ಬಿಡದ ಎತ್ತು.

ಊರಲ್ಲಿದ್ದ ಒಂದೇ ಮೊಬೈಲಿನಿಂದ, ಮಾಳಿಗೆ ಏರಿ ಸಿಗ್ನಲ್ಲು ಹುಡುಕಿ, ಗಜೇಂದ್ರಗಡದ ದನದ ಡಾಕ್ಟರಿಗೆ ಫೋನು ಮಾಡಿದೆ. ಈಗಲೇ ಹೊರಡುತ್ತೇನೆ, ಅಲ್ಲಿವರೆಗೆ ಎಣ್ಣೆ ಕುಡಿಸಿ ಎಂದರು. ನಾನು ಇಳಿದು ಬರುವಷ್ಟರಲ್ಲಿ ಅತ್ತೆ ವರ್ಷದ ಒಗ್ಗರಣೆಗೆಂದು ಇಟ್ಟಿದ್ದ ಕುಸುಬಿ ಎಣ್ಣೆಯ ಡಬ್ಬಿಯನ್ನೇ ಎತ್ತಿ ತಂದು, ಬಿದಿರಿನ ಗೊಟ್ಟದಿಂದ ಕೆಂದ್ಯಾನ ಗಂಟಲಿಗೆ ಸುರಿಯುತ್ತಿದ್ದರು. ಪಕ್ಕದ ಮನೆಯ ಸಾಬ ಕಾಕಾ ಓಡಿ ಬಂದು, ಒಳಗಿನ ಗಾಳಿ ಬಾಯಿಗೆ ಬರಲೆಂದು ಬೇವಿನ ಕಟ್ಟಿಗೆಯನ್ನು ಅಡ್ಡ ಕಟ್ಟಿ, ಮುಂಗಾಲು ಎರಡನ್ನೂ ಕಟ್ಟೆಯ ಮೇಲೆ ಏರಿಸಿದರು.

“ಏ ಕಾಲೇಜ! ನೋಡತಾ ನಿಂತೀ ಏನ? ಹುಲ್ಲ ತಗೊಂಡ ಎಡಮಗ್ಗಲಾ ತಿಕ್ಕ! ಜೋರ ತಿಕ್ಕ!” ಎಂದು ನನ್ನ ಮೇಲೆ ಕೂಗಿದರು.

ತಿಕ್ಕಿದೆ. ಕೈ ಬೊಬ್ಬೆ ಬಂದರೂ ತಿಕ್ಕಿದೆ. ಮಾವ ಕೆಂದ್ಯಾನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಹಣೆಗೆ ಹಣೆ ಹಚ್ಚಿ ಮಾತಾಡುತ್ತಿದ್ದರು.

“ಒಂದ ಹೊಡಿಯೋ ನನ್ನಪ್ಪಾ. ಒಂದ ಡರಿಕಿ. ಯಾರೂ ಎಣಸೂದಿಲ್ಲೋ.”

ಅತ್ತೆ ಹುಣಸೆಬೀಜದ ಬಟ್ಟಲನ್ನು ಎತ್ತಿ ತಿಪ್ಪೆಗೆ ಎಸೆದರು.

ಎಷ್ಟು ಹೊತ್ತಾಯಿತೋ ತಿಳಿಯದು. ನನ್ನ ಅಂಗೈ ಕೆಳಗೆ ಆ ಡೊಳ್ಳು ಒಮ್ಮೆ ಗುಡುಗಿತು. ಕೆಂದ್ಯಾ ಕತ್ತು ಉದ್ದ ಮಾಡಿದ. ಆಮೇಲೆ ಬಂತು ನೋಡಿ! ಎಂಥ ತೇಗು! ಸಾಬ ಕಾಕಾನ ರುಮಾಲು ಹಾರದೆ ಉಳಿದದ್ದೇ ಹೆಚ್ಚು. ಹಿಂದೆಯೇ ಇನ್ನೊಂದು, ಮತ್ತೊಂದು. ಹುಳಿತ ಮೇವಿನ ಆ ವಾಸನೆ ಅಂಗಳ ತುಂಬಿತು. ಗಾಳಿ ಕೆಟ್ಟದ್ದು ನಿಜ. ಮಿಥೇನ್ ಮಿಥೇನೇ, ಅದನ್ನು ನಾನು ಇವತ್ತಿಗೂ ಬಿಟ್ಟುಕೊಡುವುದಿಲ್ಲ. ಆದರೆ ಆ ಹೊತ್ತಿನಲ್ಲಿ ನಾನು ಉಸಿರು ಎಳೆದು ಎಳೆದು ಕುಡಿದೆ.

ಡಾಕ್ಟರು ಬಂದು ನೋಡಿ, ಗಂಡಾಂತರ ಕಳೆಯಿತು, ನಾಲ್ಕು ದಿನ ಒಣ ಮೇವು ಮಾತ್ರ ಹಾಕಿ ಎಂದು ಹೇಳಿ ಹೋದರು. ಅಭ್ಯಾಸಬಲದಿಂದ ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಣವೆಯ ಕಡೆ ಹೊರಟರು. ಮಾವ ಅವರನ್ನು ತಡೆದು ತಾವೇ ಹೋದರು. ಜೋಳದ ಕಣಿಕೆಯ ಹೊರೆ ಹೊತ್ತು ಬರುವಾಗ ಎರಡು ಸಲ ಗೋಡೆಗೆ ಆತು ನಿಂತರು. ಇಳಿಸಿ, ಸುಧಾರಿಸಿಕೊಂಡು, ಹೊರೆಯನ್ನೊಮ್ಮೆ ಅತ್ತೆಯನ್ನೊಮ್ಮೆ ನೋಡಿದರು.

“ದಿನಾ ಇಷ್ಟ ಹೊರತಿದ್ದೇನ ನೀ?”

ಅತ್ತೆ ಹೊರೆಯ ಹಗ್ಗ ಬಿಚ್ಚತೊಡಗಿದರು.

“ನಾಳಿಂದ ಮೇವ ನಾ ತರತೀನಿ.”

“ಎಷ್ಟ ದಿನಾ?”

“ಇಂವ ಇರೂತನಕ.”

ಅತ್ತೆ ಸೆರಗಿನ ತುದಿಯಿಂದ ಕೆಂದ್ಯಾನ ಬಾಯಿಗೆ ಮೆತ್ತಿದ್ದ ಎಣ್ಣೆಯನ್ನು ಒರೆಸಿದರು. ಮೆಲ್ಲಗೆ ಅವನ ದವಡೆ ಅಲ್ಲಾಡತೊಡಗಿತ್ತು.

“ಹಂಗಾದ್ರ ಇರಲಿ ಬಿಡ್ರಿ,” ಎಂದರು.