ನಾನೇ ಕೂರಿಸಿದ ಬಾಯ್ಲರ್

ನಮ್ಮ ಮನೆಯಲ್ಲಿ ಯಾವ ಸಾಮಾನೂ ಒಂದೇ ಸಲಕ್ಕೆ ಕೆಡುವುದಿಲ್ಲ. ಮೊದಲು ಅದು ತಾನಾಗಿ ಕೆಡುತ್ತದೆ, ಆಮೇಲೆ ನಾನು ರಿಪೇರಿ ಮಾಡುತ್ತೇನೆ. ಎರಡನೇ ಮಹಾಯುದ್ಧದ ಕಾಲದಲ್ಲಿ, ನಾನು ಮದ್ದೂರಿನ ಮಿಡಲ್ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದಾಗ, ಬಚ್ಚಲಮನೆಯ ಹಂಡೆಗೂ ಇದೇ ಗತಿಯಾಯಿತು.

ಸೌದೆಯ ತಪ್ಪು

ಒಂದು ವಾರದಿಂದ ಬಚ್ಚಲ ಒಲೆ ಹತ್ತುತ್ತಲೇ ಇರಲಿಲ್ಲ. ಅವ್ವ ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಂಡು, "ಹಸಿ ಸೌದೆ ತಂದಾಕಿದೀಯ ಕಣ್ಲಾ" ಎಂದು ನನ್ನ ಮೇಲೆ ಹಾರಾಡಿದಳು. ನಾನು ಸೌದೆಯವನ ಮೇಲೆ ಹಾರಾಡಿದೆ. ಕೊಪ್ಪದ ಕಡೆಯಿಂದ ಗಾಡಿಯಲ್ಲಿ ಸೌದೆ ತರುತ್ತಿದ್ದ ಆಸಾಮಿ ಅವನು. ಮಾತು ಕೇಳಿಸಿಕೊಂಡು ಸುಮ್ಮನೆ ಹೋಗುವವನಲ್ಲ. ನೆಟ್ಟಗೆ ಬಚ್ಚಲಮನೆಗೆ ನುಗ್ಗಿ, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬಗ್ಗಿ ಒಳಗೆ ನೋಡಿದ. ಆಮೇಲೆ ನಿಧಾನವಾಗಿ ಎದ್ದ.

"ಬುದ್ದಿ, ನನ್ ಸೌದೆ ಒಣಗೇ ಅದೆ. ನಿಮ್ ಅಂಡೇನೇ ಮ್ಯಾಲಿಂದ ಉಚ್ಚೆ ಉಯ್ತಾ ಅದೆ."

ಸಾಹೇಬರ ಭರವಸೆ

ಮಸೀದಿ ಬೀದಿಯಲ್ಲಿ ತಾಮ್ರದ ಕೆಲಸ ಮಾಡುವ ಸಾಹೇಬರೊಬ್ಬರಿದ್ದರು. ಕರೆಸಿದೆ. ಅವರು ಹಂಡೆಯ ತಳವನ್ನು ಬೆರಳಿನಿಂದ ತಟ್ಟಿ ನೋಡಿ ತಲೆಯಾಡಿಸಿದರು.

"ತೇಪೆ ಮೇಲೆ ತೇಪೆ ಹಾಕಿ, ಇದರಲ್ಲಿ ಈಗ ಹಂಡೆಗಿಂತ ತೇಪೇನೇ ಜಾಸ್ತಿ ಇದೆ ಮೇಷ್ಟ್ರೇ. ಬಿಟ್ಬಿಡಿ. ಒಳಗೇ ಕೆಂಡ ಹಾಕಿ ನೀರು ಕಾಯಿಸೋ ಬಾಯ್ಲರ್ ಒಂದು ತನ್ನಿ, ನಾನು ಬಂದು ಕೂರಿಸಿ ಕೊಡ್ತೀನಿ."

ನನಗೂ ಅವಸರವಿತ್ತು. ಹೆರಿಗೆಗೆಂದು ಮಳವಳ್ಳಿಯ ತವರಿಗೆ ಹೋಗಿದ್ದ ನನ್ನ ಹೆಂಡತಿ ಮುಂದಿನ ಭಾನುವಾರ ಬರುವವಳಿದ್ದಳು, ಮೂರು ತಿಂಗಳ ಮಗಳನ್ನು ಎತ್ತಿಕೊಂಡು. ಮೊಮ್ಮಗಳು ಮನೆಗೆ ಬಂದ ದಿನವೇ ತಾನು ಕೈಯಾರೆ ಎಣ್ಣೆ ಒತ್ತಿ, ಮೈತುಂಬ ಬಿಸಿನೀರು ಹುಯ್ಯಬೇಕೆಂದು ಅವ್ವ ಬೀದಿಗೆಲ್ಲ ಸಾರಿಬಿಟ್ಟಿದ್ದಳು. ಮಗಳಿಗೆ ಅಪ್ಪನಾಗಿ ನಾನು ಮಾಡುವ ಮೊದಲನೇ ಕೆಲಸ ಇದು; ಇದನ್ನೂ ಇನ್ನೊಬ್ಬರ ಕೈಲಿ ಮಾಡಿಸುವುದೇ?

"ಬಾಯ್ಲರ್ ನಾನು ತರ್ತೀನಿ ಸಾಹೇಬರೇ. ಭಾನುವಾರದೊಳಗೆ ಕೂರಿಸೋದೂ ನಾನೇ" ಎಂದೆ.

ಅವರು ನನ್ನ ಮುಖವನ್ನೊಮ್ಮೆ, ಕೈಗಳನ್ನೊಮ್ಮೆ ನೋಡಿದರು. "ಆಗ್ಲಿ ಮೇಷ್ಟ್ರೇ. ಭಾನುವಾರ ನಾನು ಎಲ್ಲೂ ಹೋಗಲ್ಲ, ಊರಲ್ಲೇ ಇರ್ತೀನಿ."

ರೈಲಿನಲ್ಲಿ ದೇವರು

ಯುದ್ಧದಿಂದಾಗಿ ತಾಮ್ರದ ಸಾಮಾನು ಸಿಗುವುದೇ ಕಷ್ಟ. ಮಂಡ್ಯದ ಅಂಗಡಿಯೊಂದರಲ್ಲಿ ಯಾರೋ ಬಳಸಿ ಬಿಟ್ಟ ಬಾಯ್ಲರ್ ಸಿಕ್ಕಿತು. ಸೊಂಟದೆತ್ತರ, ಮೂರು ಕಾಲು, ಕೆಳಗೊಂದು ಕೊಳಾಯಿ. ಹುಣಸೇಹಣ್ಣು ಹಾಕಿ ತಿಕ್ಕಿಸಿದ್ದರಿಂದ ಥಳಥಳ ಹೊಳೆಯುತ್ತಿತ್ತು. ಗೀರು ಬೀಳಬಾರದೆಂದು ಅದಕ್ಕೆ ನನ್ನ ಜರಿಯಂಚಿನ ಪಂಚೆ ಸುತ್ತಿ, ರೈಲಿನಲ್ಲಿ ಎದುರಿಗೆ ನಿಲ್ಲಿಸಿಕೊಂಡು ಮದ್ದೂರಿಗೆ ಹೊರಟೆ.

ಪಕ್ಕದಲ್ಲಿ ಕೂತಿದ್ದ ಅಜ್ಜಿ ಬಹಳ ಹೊತ್ತು ಅದನ್ನೇ ನೋಡಿ, ಕೈ ಮುಗಿದು, ತನ್ನ ತುರುಬಿನ ಸೇವಂತಿಗೆ ತೆಗೆದು ಅದರ ನೆತ್ತಿಗೆ ಇಟ್ಟಳು. "ಯಾವ ದ್ಯಾವ್ರಪ್ಪ?" ಎಂದಳು.

ನಾನು ನಾಚಿಕೊಂಡು, "ದೇವರಲ್ಲ ಕಣಜ್ಜಿ, ನೀರು ಕಾಯ್ಸೋದು" ಎಂದೆ. ಹೂ ವಾಪಸ್ಸು ತೆಗೆದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅಜ್ಜಿ ತೆಗೆದುಕೊಳ್ಳಲಿಲ್ಲ.

"ಇರ್ಲಿ ಬುಡು. ದಿನಾ ಬೆಳಗಾಗೆದ್ದು ನಾನು ಕೈ ಮುಗಿಯೋ ದ್ಯಾವ್ರು ಇದುವರ್ಗೂ ಒಂದು ಚೊಂಬು ಬಿಸ್ನೀರು ಕೊಟ್ಟಿಲ್ಲ."

ಹಗಲು ಕನ್ನ

ಬಾಯ್ಲರ್‌ಗೆ ಜಾಗವಾಗಬೇಕಾದರೆ ಹಳೆಯ ಹಂಡೆಯನ್ನೂ ಅದರ ಮಣ್ಣಿನ ಒಲೆಯನ್ನೂ ಕೀಳಬೇಕಿತ್ತು. ಒಲೆ ಗೋಡೆಗೆ ಒತ್ತಿಕೊಂಡಿತ್ತು. ಗೋಡೆಯ ಆಚೆ ಪಕ್ಕದ ಮನೆಯವರ ಬಚ್ಚಲು. ಅಲ್ಲಿದ್ದವರು ರಿಟೈರಾದ ಪೊಲೀಸ್ ದಫೇದಾರರು. ಶನಿವಾರ ಸ್ಕೂಲು ಬಿಟ್ಟ ಮೇಲೆ ಹಾರೆ ಹಿಡಿದು ಶುರು ಮಾಡಿದೆ. ನಾಲ್ಕನೇ ಏಟಿಗೆ ಒಲೆ ಅಲುಗಿತು. ಐದನೇ ಏಟಿಗೆ ಒಲೆಯ ಜೊತೆಗೆ ಗೋಡೆಯೂ ಕಿಟಕಿಯಷ್ಟಗಲ ಕುಸಿಯಿತು.

ಧೂಳು ಇಳಿದ ಮೇಲೆ ನೋಡಿದರೆ, ಆಚೆ ಕಡೆ ಮಣೆಯ ಮೇಲೆ ದಫೇದಾರರು. ಮೈತುಂಬ ಸೋಪು, ಮೀಸೆಯ ಮೇಲೆ ಮಣ್ಣು, ಕೈಯಲ್ಲಿ ಚೊಂಬು. ನಾನು ಹಾರೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ಅವರು ಸಮಾಧಾನವಾಗಿ ಮುಖ ತೊಳೆದುಕೊಂಡು ನನ್ನನ್ನು ಗುರುತು ಹಿಡಿದರು.

"ನನ್ನ ನೌಕರೀಲಿ ಕನ್ನ ಹಾಕೋರ್ನ ಬೇಕಾದಷ್ಟು ಜನಾನ ನೋಡಿದೀನಿ ಮೇಷ್ಟ್ರೇ. ಬಚ್ಚಲಿಗೆ ಕನ್ನ ಹಾಕ್ದೋರು ನೀವೇ ಮೊದಲು."

ಒಳ್ಳೆಯ ಮನುಷ್ಯ. ಆ ಸಂಜೆ ಅವ್ವನಿಗೆ ಬೇಕಾದ ಬಿಸಿನೀರನ್ನು ಅದೇ ಕಿಂಡಿಯಿಂದ ಕೊಟ್ಟರು.

ಬೆಂಕಿಗೆ ಕೊಳಾಯಿ

ಭಾನುವಾರ ಬಂತು. ಬಾಯ್ಲರ್‌ಗೆ ಮೇಲೆ ಎರಡು ಬಾಯಿ: ನಡುವೆ ಒಂದು ದೊಡ್ಡದು, ಪಕ್ಕದಲ್ಲಿ ಒಂದು ಚಿಕ್ಕದು. ನೀರು ಜಾಸ್ತಿ ಬೇಕು, ಕೆಂಡ ಕಮ್ಮಿ ಸಾಕು. ಆದ್ದರಿಂದ ದೊಡ್ಡದು ನೀರಿಗೆ, ಚಿಕ್ಕದು ಕೆಂಡಕ್ಕೆ ಎಂದು ತೀರ್ಮಾನಿಸಿದೆ. ದೊಡ್ಡ ಬಾಯಿಗೆ ಹುಯ್ದ ನೀರೆಲ್ಲ ತಳದಿಂದ ಸುರಿದು ಹೋಯಿತು. ಹಳೇ ಸಾಮಾನು, ಸೋರುತ್ತಿದೆ ಎಂದುಕೊಂಡು ತಳಕ್ಕೆ ಜೇಡಿಮಣ್ಣು ಮೆತ್ತಿ ಭದ್ರ ಮಾಡಿ, ಮತ್ತೆ ನೀರು ತುಂಬಿದೆ. ಚಿಕ್ಕ ಬಾಯಿಯಲ್ಲಿ ಇಕ್ಕಳದಿಂದ ಒಂದೊಂದೇ ಕೆಂಡ ಇಳಿಬಿಟ್ಟೆ.

ಅರ್ಧ ಗಂಟೆ ಬಿಟ್ಟು ಅವ್ವ ಚೊಂಬು ಹಿಡಿದು ಕೊಳಾಯಿ ತಿರುಗಿಸಿದಳು. ಬುರಬುರನೆ ಬೂದಿ ಉದುರಿತು. ಅದರ ಹಿಂದೆಯೇ ಒಂದು ಕಿಡಿಯೂ ಹಾರಿತು.

"ಲೇ, ಬೆಂಕಿಗೆ ಕೊಳಾಯಿ ಇಕ್ಸಿರೋ ಮನೆ ಈ ಸೀಮೇಲೇ ನಮ್ದೊಂದೇ ಕಣ್ಲಾ!"

ಅಷ್ಟರಲ್ಲಿ ಮಳವಳ್ಳಿಯ ಬಸ್ಸು ಬಂದಿತ್ತು. ಪೆಟ್ರೋಲು ಸಿಗದ ಕಾಲ. ಬಸ್ಸಿನ ಬೆನ್ನಿಗೆ ಒಲೆ ಕಟ್ಟಿ ಇದ್ದಿಲ ಹೊಗೆಯಲ್ಲೇ ಓಡಿಸುತ್ತಿದ್ದರು. ಹೆಂಡತಿ ಮಗುವನ್ನು ಎತ್ತಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತಳು. ಬಾಯ್ಲರ್ ನೋಡಿದಳು, ಗೋಡೆಯ ಕಿಂಡಿ ನೋಡಿದಳು, ಮಸಿ ಮೆತ್ತಿದ ನನ್ನನ್ನು ನೋಡಿದಳು. "ಇದ್ಲಲ್ಲಿ ಬಸ್ಸೇ ಇಲ್ಲೀಗಂಟ ಓಡ್ಬಂತು. ನಿಮ್ ಕೈಲಿ ಒಂದು ಕೊಡ ನೀರು ಕಾಯ್ಲಿಲ್ವಾ?"

ನಾನು ಮಸೀದಿ ಬೀದಿಗೆ ನಡೆದೆ. ಸಾಹೇಬರು ಚೀಲ ಕಟ್ಟಿಕೊಂಡು ಜಗಲಿಯ ಮೇಲೆ ಕೂತೇ ಇದ್ದರು.

ಅವರು ಬಂದು ಬೂದಿ ಕೊಡವಿ, ಜೇಡಿಮಣ್ಣು ಕೆರೆದು ತೆಗೆದು, ಒಳಗೆಲ್ಲ ತೊಳೆದು, ಚಿಕ್ಕ ಬಾಯಿಗೆ ನೀರು ಹುಯ್ದು, ಬೂದಿ ಉದುರಲೆಂದು ತಳ ತೆರೆದಿದ್ದ ನಡುವಿನ ಕೊಳವೆಯ ದೊಡ್ಡ ಬಾಯಿಗೆ ಕೆಂಡ ಹಾಕಿದರು. ಸ್ವಲ್ಪ ಹೊತ್ತಿಗೆಲ್ಲ ಕೊಳಾಯಿಯಿಂದ ಹಬೆಯಾಡುವ ನೀರು ಬಂತು. ಅವ್ವ ಕಾಲು ನೀಡಿ ಕೂತು ಮೊಮ್ಮಗಳನ್ನು ಮಲಗಿಸಿಕೊಂಡು ನೀರು ಹುಯ್ದಳು. ಅಳುತ್ತದೆ ಎಂದುಕೊಂಡಿದ್ದ ಮಗು ಬಾಯಿ ಅಗಲ ಮಾಡಿ ನಕ್ಕಿತು. ಸಾಹೇಬರ ಕೈ ಹಿಡಿದುಕೊಂಡೆ.

ಅವರು ಮೆಲ್ಲಗೆ ಕೇಳಿದರು: "ಮೇಷ್ಟ್ರೇ, ಬೇಜಾರ್ ಮಾಡ್ಕೋಬೇಡಿ. ಸ್ಕೂಲಲ್ಲಿ ನೀವು ಯಾವ ಪಾಠ ಹೇಳ್ಕೊಡೋದು?"

"ವಿಜ್ಞಾನ" ಎಂದೆ.

ಸಾಹೇಬರು ಚೀಲ ಹೆಗಲಿಗೇರಿಸಿದರು. ಆಮೇಲೆ ನನ್ನ ಬೆನ್ನು ತಟ್ಟಿದರು.

"ಪರವಾಗಿಲ್ಲ. ನನ್ನ ಮಗ ನಿಮ್ಮ ಕ್ಲಾಸಿಗೆ ಬರೋಕೆ ಇನ್ನೂ ಎರಡು ವರ್ಷ ಇದೆ. ಅಷ್ಟರಲ್ಲಿ ನಾನೇ ನಿಮಗೆ ಕಲಿಸ್ತೀನಿ."