ಆಳುಗಳ ಹೆಸರಿನಲ್ಲಿ ನನ್ನ ವಿಮೆ

ಒಳ್ಳೆಯವನಾಗಲು ನನಗೆ ಯಾವತ್ತೂ ಅಭ್ಯಂತರವಿಲ್ಲ. ಕೈಯಿಂದ ಖರ್ಚಾಗಬಾರದು, ಅಷ್ಟೆ. ಬಸದಿಯ ಕಲ್ಲಿನಲ್ಲಿ ದಾನಿಗಳ ಹೆಸರು ಕೆತ್ತಿಸಿದ್ದನ್ನು ಕಂಡಾಗಲೆಲ್ಲ ನನ್ನ ಹೆಸರೂ ಅಲ್ಲಿರಬೇಕಿತ್ತು ಅನಿಸುತ್ತದೆ. ಪಕ್ಕದಲ್ಲಿರುವ ಮೊತ್ತ ಕಣ್ಣಿಗೆ ಬಿದ್ದ ಕೂಡಲೇ ಕನ್ನಡಕ ಒರೆಸಿಕೊಳ್ಳುತ್ತ ಮುಂದೆ ಹೋಗುತ್ತೇನೆ. ನನ್ನ ಈ ಗುಣ ಹೆಂಡತಿಯ ತಮ್ಮನಿಗೆ ಚೆನ್ನಾಗಿ ಗೊತ್ತು. ವಿಮೆ ಏಜೆಂಟನಾದ ಮೇಲೆ ಅವನು ಮೊದಲು ಹುಡುಕಿಕೊಂಡು ಬಂದದ್ದು ಗಡಿಯಾಚೆ ಮಲಯಾಳ ಸೀಮೆಯ ಮೀನಂಗಡಿ ಎಂಬ ಊರಿನಲ್ಲಿರುವ ನನ್ನ ಮಿಲ್ಲಿಗೆ.

ಮಿಲ್ಲೆಂದರೆ ದೊಡ್ಡದೇನಲ್ಲ. ಒಣಗಿದ ಕಾಫಿಯ ಸಿಪ್ಪೆ ಬಿಡಿಸುವ ಒಂದು ಯಂತ್ರ, ಮೂಟೆಗಳ ಅಟ್ಟಿ, ಬೆರಳೆಣಿಕೆಯ ಆಳುಗಳು, ಎಲ್ಲರ ಮೂಗಿನಲ್ಲೂ ಧೂಳು. "ಭಾವ, ಆಳುಗಳ ಹೆಸರಲ್ಲಿ ಒಂದು ಕ್ಷೇಮ ಯೋಜನೆ ಮಾಡಿಬಿಡಿ," ಎಂದ. "ಪ್ರೀಮಿಯಂ ಪೂರ್ತಿ ಮಿಲ್ಲಿನ ಖರ್ಚಿಗೆ ಹಾಕಬಹುದು, ತೆರಿಗೆ ಇಳಿಯುತ್ತೆ. ಕೆಲವು ವರ್ಷ ಕಳೆದರೆ ದುಡ್ಡು ವಾಪಸ್ ನಿಮಗೇ ಬರುತ್ತೆ." ಆಳುಗಳ ವಿಮೆಯ ದುಡ್ಡು ನನಗೆ ಹೇಗೆ ಬರುತ್ತದೆ ಎಂದು ಕೇಳಬೇಕಿತ್ತು. ನಾನು ಕೇಳಿದ್ದು ಚೆಕ್ಕು ಯಾರ ಹೆಸರಿಗೆ ಬರೆಯಲಿ ಎಂದು. ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಲಾಡು ಹಂಚಿದೆ. "ಇನ್ನು ನಿಮಗೇನಾದರೂ ಆದರೆ ಇನ್ಶೂರೆನ್ಸ್ ಇದೆ, ಹೆದರಬೇಡಿ," ಎಂದು ಭಾಷಣವನ್ನೂ ಮಾಡಿದೆ. ಭಾವಮೈದ ಫೋಟೋ ತೆಗೆದ. ಅದರಲ್ಲಿ ನಾನು ಹೊಟ್ಟೆ ಒಳಗೆಳೆದುಕೊಂಡು ಲಾಡು ಕೊಡುತ್ತಿದ್ದೇನೆ, ಮೂಟೆ ಹೊರುವ ಮಾರ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾನೆ.

ಈ ಸಲದ ಕಾಫಿ ಕಾಲದಲ್ಲಿ ಮಾರ ಅಟ್ಟಿಯ ಮೇಲಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಆಪರೇಶನ್ ಆಗದಿದ್ದರೆ ಮತ್ತೆ ನಡೆಯುವುದು ಕಷ್ಟ ಎಂದರು ಡಾಕ್ಟರು. ಅವನ ಹೆಂಡತಿ ಕೆಂಪಿ ನನ್ನ ಮಿಲ್ಲಿನಲ್ಲೇ ಬೀಜ ಆರಿಸುವವಳು. ಬಾಗಿಲಲ್ಲಿ ನಿಂತು, "ಗೌಡ್ರೇ, ಆ ಇನ್ಸೂರೆನ್ಸ್ ಪೈಸೆ ಯಾವಾಗ ಕಿಟ್ಟುತ್ತೆ?" ಎಂದಳು. ಸಿಗುವುದಕ್ಕೆ ನಮ್ಮ ಕಡೆ ಮಲಯಾಳದ 'ಕಿಟ್ಟುವುದು' ಎನ್ನುವುದೇ ರೂಢಿ. ಭಾವಮೈದನಿಗೆ ಫೋನು ಮಾಡಿದೆ.

"ಬಿದ್ದದ್ದಕ್ಕೆಲ್ಲ ಬರಲ್ಲ ಭಾವ. ಸತ್ತರೆ ಮಾತ್ರ."

"ಸತ್ತರೆ ಕೆಂಪಿಗೆ ಬರುತ್ತಾ?"

"ಇಲ್ಲ, ನಿಮಗೆ. ಪಾಲಿಸಿ ದುಡ್ಡು ಮಿಲ್ಲಿಗಲ್ಲವಾ ಹೋಗೋದು."

ಮಾರ ಸತ್ತರೆ ನನಗೆ ಲಾಭ ಎಂದು ಬರೆದ ಕಾಗದಕ್ಕೆ ನಾನು ಲಾಡು ಹಂಚಿದ್ದೆ. ಕೆಂಪಿಗೆ ಮಾತ್ರ, "ನೋಡೋಣ, ಬರುತ್ತೆ," ಎಂದೆ.

ಬಂದದ್ದು ಆದಾಯ ತೆರಿಗೆಯ ನೋಟೀಸು. ಕಲ್ಪೆಟ್ಟದ ನನ್ನ ಆಡಿಟರು ಫೈಲು ತಿರುವಿ ಹಾಕಿ, "ಇದು ಆಳುಗಳ ಕ್ಷೇಮ ಅಲ್ಲ ಗೌಡರೇ, ನಿಮ್ಮ ಉಳಿತಾಯ. ಇಲಾಖೆಯವರು ಹಾಗೆಂದು ತೀರ್ಮಾನಿಸಿದರೆ ಖರ್ಚನ್ನು ತಳ್ಳಿಹಾಕಿ ತೆರಿಗೆ, ಬಡ್ಡಿ, ದಂಡ ಎಲ್ಲ ಹಾಕುತ್ತಾರೆ. ಮಿಲ್ಲು ಉಳಿಯೋದು ಅನುಮಾನ. ಒಬ್ಬ ಆಳಿಗಾದರೂ ಇದರಿಂದ ಏನಾದರೂ ಸಿಕ್ಕಿದೆಯಾ?" ಎಂದರು. ನಾನು ಲಾಡಿನ ವಿಷಯ ಹೇಳಿದೆ. ಅವರು ನಗಲಿಲ್ಲ. ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ಮಾರನ ಸೊಂಟಕ್ಕಾಗಿ ಒಂದು ಹೊತ್ತೂ ಊಟ ಬಿಟ್ಟವನಲ್ಲ ನಾನು, ಮಿಲ್ಲಿಗಾಗಿ ಸೊರಗಿ ಹೋದೆ.

ವಿಚಾರಣೆಗೆಂದು ಬಂದ ತೆರಿಗೆ ಇಲಾಖೆಯ ಇನ್‌ಸ್ಪೆಕ್ಟರು ಬಿದ್ದ ಆಳನ್ನೇ ನೋಡಬೇಕು ಎಂದರು. ಅವರ ಹಿಂದೆ ನಾನೂ ಮಾರನ ಮನೆಗೆ ಹೋದೆ. ಮಂಚದ ಮೇಲಿದ್ದ ಮಾರ ನನ್ನನ್ನು ಕಂಡು ಏಳಲು ಹೋಗಿ, ನೋವಿಗೆ ಹಲ್ಲು ಕಚ್ಚಿಕೊಂಡು ಹಾಗೇ ಮಲಗಿದ. ನಿನಗೆ ಇನ್ಶೂರೆನ್ಸಿನ ಹಣ ಬಂತೇ ಎಂದು ಅವರು ಮಲಯಾಳದಲ್ಲಿ ಕೇಳಿದರು. ಮಾರ ನನ್ನ ಮುಖ ನೋಡಿದ. ಮಿಲ್ಲಿಗೆ ಬೀಗ ಬೀಳುತ್ತದಂತೆ ಎಂಬ ಸುದ್ದಿ ಅವನವರೆಗೂ ಹೋಗಿತ್ತು. ಮನೆಗೆ ಈಗ ಬರುತ್ತಿದ್ದದ್ದು ಕೆಂಪಿಯ ಕೂಲಿಯೊಂದೇ.

"ಕಿಟ್ಟಿ ಸಾರೇ," ಎಂದ. "ಎಲ್ಲಾ ಕಿಟ್ಟಿ."

ಇನ್‌ಸ್ಪೆಕ್ಟರು ಬರೆದುಕೊಂಡು, ಸಹಿ ಹಾಕಿಸಿಕೊಂಡು ಹೊರಟರು. ಎದೆಯ ಮೇಲಿನ ಭಾರ ಇಳಿದಂತಾಯಿತು. ನಾಚಿಕೆಯೂ ಆಯಿತು, ಆದರೆ ಎರಡನೆಯದಾಗಿ.

ನಾನು ಚಪ್ಪಲಿ ಮೆಟ್ಟುವಾಗ ಕೆಂಪಿ ಹತ್ತಿರ ಬಂದಳು. "ಕಿಟ್ಟಿತು ಅಂತ ಬರೆಸಿ ಆಯ್ತಲ್ಲ ಗೌಡ್ರೇ, ಇನ್ನು ನಾವು ಕೇಳೋ ಹಾಗಿಲ್ವಾ?" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳೋಣ ಎಂದೇ ಕೇಳಿದ್ದಳು. ಕೇಳಬೇಡ, ಆಪರೇಶನ್ನಿನ ಖರ್ಚು ನನ್ನದು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಆಡಿಟರನ್ನು ಒಂದು ಮಾತು ಕೇಳಿ ಹೇಳುತ್ತೇನೆ," ಎಂದೆ.